ರೆಮಿಡಿಯಲ್ ಕ್ಲಾಸಿಗೆ ಸೇರಿದ್ದು 40 ಮಕ್ಕಳು, ಉಳಿದದ್ದು 11. ಈಗೇನು ಮಾಡಬೇಕು?

ಪ್ರಶ್ನೆ: ನಾನು ಸಿಂದಗಿ ಕಡೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಬಿ.ಎ. ಮತ್ತು ಬಿ.ಕಾಂ. ಮೊದಲ ಸೆಮಿಸ್ಟರಿನ ಮಕ್ಕಳಿಗೆ ಒಂದು ಟೆಸ್ಟ್ ಕೊಟ್ಟೆವು. ಕಡಿಮೆ ಅಂಕ ಬಂದ 40 ಮಂದಿಗೆ ವಾರಕ್ಕೆ 4 ದಿನ, ಸಂಜೆ 4ರಿಂದ 5ರವರೆಗೆ, ಇಂಗ್ಲಿಷ್ ಬರವಣಿಗೆಯ ರೆಮಿಡಿಯಲ್ ಕ್ಲಾಸ್ ಮಾಡಿದೆ. ಕೊನೆಯವರೆಗೆ ಉಳಿದವರು 11 ಮಂದಿ. ಅವರಲ್ಲಿ 9 ಮಂದಿ ಇಂಗ್ಲಿಷ್ ಪೇಪರ್ ಪಾಸಾದರು. ಮಕ್ಕಳ ಮಟ್ಟ ತೀರಾ ಕೆಳಗಿದೆ, ಅದಕ್ಕೆ ಮುಂದಿನ ವರ್ಷ ಎರಡು ಹಂತ ಮಾಡೋಣ ಎಂದು ವಿಭಾಗದಲ್ಲಿ ಮಾತಾಗಿದೆ. ಮೊದಲು ಬರೀ ವ್ಯಾಕರಣ, ಅದರಲ್ಲಿ ಪಾಸಾದವರಿಗೆ ಮಾತ್ರ ಪ್ಯಾರಾಗ್ರಾಫ್ ಬರೆಯುವ ಕ್ಲಾಸ್. ಇದು ಸರಿಯೇ ಸರ್?

ಉತ್ತರ: ಮೇಡಂ, ಎರಡು ಹಂತ ಮಾಡಬೇಡಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕಾಲೇಜುಗಳಲ್ಲಿ 26 ವರ್ಷ ಇಂಗ್ಲಿಷ್ ಕಲಿಸಿದವನು ನಾನು. ನೀವು ಈಗ ಯೋಚಿಸುತ್ತಿರುವ ಏಣಿಯನ್ನು ನಾನೂ ಒಮ್ಮೆ ಕಟ್ಟಿದ್ದೆ. ಕೊನೆಯ ಮೆಟ್ಟಿಲು ಮುಟ್ಟಿದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಉಳಿದವರ ಮುಖ ನನಗೆ ಇವತ್ತಿಗೂ ನೆನಪಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ನೀವು ಬರೆಯದೇ ಬಿಟ್ಟ ಒಂದು ಸಂಖ್ಯೆ ಇದೆ: 29. ಅಷ್ಟು ಮಕ್ಕಳು ಮಧ್ಯದಲ್ಲಿ ಬರುವುದನ್ನು ಬಿಟ್ಟರು. ಫೈಲಿನಲ್ಲಿ ನೀವು 11ಕ್ಕೆ 9 ಎಂದು ಲೆಕ್ಕ ಹಾಕಿದರೆ 82 ಪರ್ಸೆಂಟ್ ರಿಸಲ್ಟ್ ಕಾಣುತ್ತದೆ. 40ಕ್ಕೆ 9 ಎಂದು ಹಾಕಿದರೆ ಕಾಲು ಭಾಗವೂ ಇಲ್ಲ. ಇನ್ನೊಂದು ವಿಷಯ ನೋಡಿ. ಆ 29 ಮಂದಿಯಲ್ಲಿ ಇಂಗ್ಲಿಷ್ ಪೇಪರ್ ಪಾಸಾದವರು ಎಷ್ಟು? ರಿಸಲ್ಟ್ ಶೀಟ್ ಆಫೀಸಿನಲ್ಲಿ ಇರುತ್ತದೆ, ಹತ್ತು ನಿಮಿಷದ ಕೆಲಸ. ಅವರಲ್ಲಿ ಅರ್ಧದಷ್ಟು ಮಂದಿ ನಿಮ್ಮ ಕ್ಲಾಸಿಗೆ ಬಾರದೆಯೂ ಪಾಸಾಗಿದ್ದರೆ, ನಿಮ್ಮ ಟೆಸ್ಟ್ ತಪ್ಪು ಮಕ್ಕಳನ್ನು ಆರಿಸಿದೆ ಎಂದರ್ಥ. ಹೆಚ್ಚಿನವರು ಫೇಲಾಗಿದ್ದರೆ, ನಿಜವಾಗಿ ಬೇಕಾದವರೇ ಕೈತಪ್ಪಿದ್ದಾರೆ. ಎರಡಕ್ಕೂ ಮದ್ದು ಬೇರೆ ಬೇರೆ. ಮಕ್ಕಳ ಮಟ್ಟ ಕೆಳಗಿದೆ ಎಂದು ತೀರ್ಮಾನ ಮಾಡುವ ಮೊದಲು ಇದನ್ನು ನೋಡಲೇಬೇಕು.

ಈಗ ಎರಡು ಹಂತದ ಲೆಕ್ಕ ಹಾಕೋಣ. ಒಳ್ಳೆಯ ಕಾಲೇಜು, ಒಳ್ಳೆಯ ಮಕ್ಕಳು ಎಂದೇ ಇಟ್ಟುಕೊಳ್ಳಿ. ಪ್ರತಿ ಹಂತದಲ್ಲೂ 100ಕ್ಕೆ 80 ಮಂದಿ ದಾಟುತ್ತಾರೆ ಅನ್ನೋಣ. ಮೊದಲ ಹಂತಕ್ಕೆ 40 ಮಂದಿ ಸೇರಿದರು, ಮುಗಿಸಿದವರು 32. ಆ 32ರಲ್ಲಿ ಎರಡನೇ ಹಂತಕ್ಕೆ ಹೆಸರು ಕೊಟ್ಟವರು 26. ಅದನ್ನು ಮುಗಿಸಿದವರು 21. ಅಲ್ಲಿಂದ ಮುಖ್ಯ ಕ್ಲಾಸಿನಲ್ಲಿ, ಅಂದರೆ ಸೆಮಿಸ್ಟರಿನ ಇಂಗ್ಲಿಷ್ ಕ್ಲಾಸಿನಲ್ಲಿ, ಗಟ್ಟಿಯಾಗಿ ಕೂತವರು 16 ಅಥವಾ 17. ಕೊನೆಗೆ ಪಾಸಾದವರು 13. ಎಲ್ಲೂ ದೊಡ್ಡ ಸೋಲಿಲ್ಲ, ಪ್ರತಿ ಸಲ ಐವರಲ್ಲಿ ನಾಲ್ವರು ಗೆದ್ದಿದ್ದಾರೆ. ಆದರೂ 27 ಮಕ್ಕಳು ದಾರಿಯಲ್ಲೇ ಉಳಿದರು. ಮೆಟ್ಟಿಲು ಜಾಸ್ತಿ ಆದಷ್ಟೂ ಸೋರುವ ಜಾಗ ಜಾಸ್ತಿ. ಇದು ಉದಾಹರಣೆಯ ಲೆಕ್ಕ ಅಷ್ಟೇ. ನಿಮ್ಮ ಕಾಲೇಜಿನ ಅಂಕಿ ಹಾಕಿ ನೀವೇ ನೋಡಿ, ಇದಕ್ಕಿಂತ ಚೆನ್ನಾಗಿ ಬರುವುದು ಕಷ್ಟ.

ಅಮೆರಿಕದ ಕಾಲೇಜುಗಳು ಈ ಪಾಠವನ್ನು ಕಲಿಯಲು ಸುಮಾರು 40 ವರ್ಷ ತೆಗೆದುಕೊಂಡವು. 1970ರಲ್ಲಿ ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ ತನ್ನ ಬಾಗಿಲನ್ನು ಪೂರ್ತಿ ತೆರೆಯಿತು. ನಗರದಲ್ಲಿ ಹೈಸ್ಕೂಲ್ ಮುಗಿಸಿದ ಯಾರಿಗಾದರೂ ಸೀಟು ಕೊಟ್ಟಿತು. ಮನೆಯಲ್ಲಿ ಯಾರೂ ಕಾಲೇಜು ಕಾಣದ ಸಾವಿರಾರು ಮಕ್ಕಳು ಬಂದರು. ಅವರ ಬರವಣಿಗೆ ನೋಡಿ ಎಷ್ಟೋ ಮೇಷ್ಟ್ರುಗಳು ಕೈಚೆಲ್ಲಿದರು. ಅಲ್ಲಿದ್ದ ಮೀನಾ ಶಾನೆಸ್ಸಿ ಎಂಬ ಅಧ್ಯಾಪಕಿ ಕೈಚೆಲ್ಲಲಿಲ್ಲ. ಮಕ್ಕಳು ಪ್ರವೇಶದ ಹೊತ್ತಿಗೆ ಬರೆದ ಸುಮಾರು 4,000 ಪ್ರಬಂಧಗಳನ್ನು ಕೂತು ಓದಿದರು. ತಪ್ಪುಗಳು ಮನಬಂದಂತೆ ಆಗುವುದಿಲ್ಲ, ಪ್ರತಿ ತಪ್ಪಿನ ಹಿಂದೆ ಆ ಮಗುವಿನ ಒಂದು ತರ್ಕ ಇದೆ ಎಂದು 1977ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ಆದರೆ ಕಾಲೇಜುಗಳು ಹಿಡಿದದ್ದು ಏಣಿಯ ದಾರಿಯನ್ನೇ. ಒಂದು ಪ್ರವೇಶ ಪರೀಕ್ಷೆ, ಅದರಲ್ಲಿ ಕಡಿಮೆ ಬಂದರೆ ಒಂದು, ಎರಡು, ಕೆಲವು ಕಡೆ ಮೂರು ರೆಮಿಡಿಯಲ್ ಕೋರ್ಸ್. ಅವಕ್ಕೆ ಫೀಸ್ ಕಟ್ಟಬೇಕು, ಡಿಗ್ರಿಗೆ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. 2010ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಸಂಖ್ಯೆಯ ವಿದ್ಯಾರ್ಥಿಗಳ ದಾಖಲೆ ಹಿಡಿದು ಈ ಏಣಿಯನ್ನು ಅಳೆದರು. ರೆಮಿಡಿಯಲ್ ಕೋರ್ಸಿನಲ್ಲಿ ಫೇಲಾಗಿ ಬಿಟ್ಟವರಿಗಿಂತ, ಮೊದಲ ಅಥವಾ ಮುಂದಿನ ಕೋರ್ಸಿಗೆ ಹೆಸರನ್ನೇ ಹಚ್ಚದೆ ಹೋದವರು ಜಾಸ್ತಿ ಎಂದು ಗೊತ್ತಾಯಿತು. ಕೋರ್ಸ್ ಪಾಸಾದವರಲ್ಲೂ ಎಷ್ಟೋ ಮಂದಿ ಮುಂದಿನದಕ್ಕೆ ಬರಲಿಲ್ಲ! ನಿಮ್ಮ 29 ಮಕ್ಕಳ ಕಥೆಯೂ ಇದೇ ಜಾತಿಯದು ಅಲ್ವಾ?

ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯ ಕಮ್ಯುನಿಟಿ ಕಾಲೇಜಿನಲ್ಲಿ ಪೀಟರ್ ಆಡಮ್ಸ್ ಮತ್ತು ಅವರ ಜೊತೆಗಾರರು 2007ರಲ್ಲಿ ಬೇರೆ ದಾರಿ ಹಿಡಿದರು. ಟೆಸ್ಟಿನಲ್ಲಿ ಕೆಳಗೆ ಬಂದ ಮಕ್ಕಳನ್ನು ಕಾಯಿಸಲಿಲ್ಲ. ನೇರ ಮುಖ್ಯ ಕ್ಲಾಸಿಗೇ ಕೂರಿಸಿದರು. 20 ಮಂದಿಯ ಒಂದು ಕ್ಲಾಸ್, ಅದರಲ್ಲಿ 12 ಮಂದಿ ಟೆಸ್ಟ್ ದಾಟಿದವರು, 8 ಮಂದಿ ದಾಟದವರು. ಮುಖ್ಯ ಕ್ಲಾಸ್ ಮುಗಿದ ಕೂಡಲೇ ಆ 8 ಮಂದಿ ಅದೇ ಟೀಚರ್ ಜೊತೆ ಇನ್ನೊಂದು ಕ್ಲಾಸ್ ಕೂರುತ್ತಿದ್ದರು. ಅಲ್ಲಿ ಮುಖ್ಯ ಕ್ಲಾಸಿನ ಕೆಲಸವನ್ನೇ ಮಾಡುತ್ತಿದ್ದರು. ಮುಖ್ಯ ಕೋರ್ಸ್ ಪಾಸಾದವರ ಪ್ರಮಾಣ ಹಳೆಯ ಏಣಿಗಿಂತ ಸ್ಪಷ್ಟವಾಗಿ ಮೇಲೇರಿತು. ಆಮೇಲೆ ಈ ಕ್ರಮ ಬೇರೆ ರಾಜ್ಯಗಳಿಗೂ ಹರಡಿತು. ಫ್ಲೋರಿಡಾ 2013ರಲ್ಲಿ, ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನು ಮಾಡಿಯೇ ಹಳೆಯ ಏಣಿಯನ್ನು ಸಡಿಲಿಸಿದವು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಮುಖ್ಯ ಕೋರ್ಸ್ ಪಾಸಾದವರು ಹೆಚ್ಚಾದರು ನಿಜ. ಜೊತೆಗೆ ಅದರಲ್ಲಿ ನೇರ ಕೂತು ಫೇಲಾದವರ ಸಂಖ್ಯೆಯೂ ಏರಿತು. ಸುಮ್ನೆ ರೆಮಿಡಿಯಲ್ ಕ್ಲಾಸ್ ತೆಗೆದುಹಾಕಿ ಎಲ್ಲರನ್ನೂ ಒಂದೇ ಕಡೆ ಕೂರಿಸಿದರೆ ಸಾಲದು. ಪಕ್ಕದಲ್ಲಿ ಕೈಹಿಡಿಯುವ ಕ್ಲಾಸ್ ಬೇಕೇ ಬೇಕು. ಮತ್ತೆ ನಮ್ಮ ಮಕ್ಕಳ ಹೊರೆ ದೊಡ್ಡದು. ನಿಮ್ಮ ಕ್ಲಾಸಿನಲ್ಲಿ ತಾಂಡಾದಿಂದ ಬರುವ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ, ಶಾಲೆಯಲ್ಲಿ ಕನ್ನಡ ಕಲಿತಿದೆ, ಈಗ ಇಂಗ್ಲಿಷ್‌ನಲ್ಲಿ ಬರೆಯಬೇಕು. ಉರ್ದು, ಮರಾಠಿ ಮನೆಯ ಮಕ್ಕಳದ್ದೂ ಅದೇ ಸ್ಥಿತಿ. ಮೂರನೇ ಭಾಷೆಯಲ್ಲಿ ಬರೆಯುವವರನ್ನು ವ್ಯಾಕರಣದ ಬಾಗಿಲಲ್ಲೇ ನಿಲ್ಲಿಸಿದರೆ ಬರೆಯುವುದು ಯಾವಾಗ?

ಈಗ ನಿಮ್ಮ ಸಂಜೆ 4 ಗಂಟೆಯ ಕ್ಲಾಸಿನ ವಿಷಯ. ನನ್ನ ಕ್ಲಾಸ್ ಖಾಲಿಯಾಗುತ್ತಿದ್ದ ವರ್ಷ ನಾನು ಮಕ್ಕಳಿಗೆ ಆಸಕ್ತಿ ಇಲ್ಲ ಎಂದುಕೊಂಡಿದ್ದೆ. ಒಂದು ದಿನ ಬಿ.ಎ. ಹುಡುಗಿಯೊಬ್ಬಳನ್ನು ಯಾಕೆ ಬರುವುದಿಲ್ಲ ಎಂದು ಕೇಳಿದೆ. "ಸರ್, ಐದರ ಬಸ್ ತಪ್ಪಿದ್ರ ಏಳಕ್ಕ ಐತ್ರಿ. ಮನ್ಯಾಗ ಕಾಲೇಜ ಬಿಡಸ್ತೀನಿ ಅಂತಾರ್ರಿ" ಅಂದಳು. ಅವಳಿಗೆ ಅದು ಒಂದು ಗಂಟೆ ಇಂಗ್ಲಿಷಿನ ಪ್ರಶ್ನೆ ಆಗಿರಲಿಲ್ಲ. ಇಡೀ ಡಿಗ್ರಿಯನ್ನು ಉಳಿಸಿಕೊಳ್ಳುವ ಪ್ರಶ್ನೆ ಆಗಿತ್ತು. ಅವತ್ತೇ ಹಾಜರಿ ಪುಸ್ತಕ ತೆಗೆದು, ಯಾರು ಯಾವ ಊರಿನಿಂದ ಬರುತ್ತಾರೆ ಎಂದು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದೆ. ಬಿಟ್ಟವರ ಹೆಸರಿನ ಮುಂದೆಲ್ಲ ಹಳ್ಳಿಗಳು. ಉಳಿದವರ ಮುಂದೆ ಊರೊಳಗಿನ ಓಣಿಗಳು, ಹಾಸ್ಟೆಲ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಹೋಗಿದೆ. ಹೊತ್ತು ಮುಳುಗುವ ಚಿಂತೆ ಹೋಗಿಲ್ಲ. ನಿಮ್ಮ 29 ಹೆಸರುಗಳ ಮುಂದೆಯೂ ಊರು ಬರೆದು ನೋಡಿ. ಸಿಂದಗಿ ಕಡೆ ಹತ್ತಿ ಬಿಡಿಸುವ ಹೊತ್ತು, ತೊಗರಿ ರಾಶಿ ಮಾಡುವ ಹೊತ್ತು ಯಾವುದು ಎಂದು ನಿಮಗೇ ಗೊತ್ತು. ಹಾಜರಿ ಇಳಿದ ವಾರಗಳನ್ನು ಅದರ ಜೊತೆ ಇಟ್ಟು ನೋಡಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ವಾರವನ್ನೂ ಸೇರಿಸಿ.

ಹಾಗಾಗಿ ಕ್ಲಾಸನ್ನು ಸಂಜೆಯಿಂದ ಎತ್ತಿ. ಇಂಗ್ಲಿಷ್ ಪೀರಿಯಡ್ ಇರುವ ದಿನವೇ, ಅದರ ಹಿಂದೆ ಅಥವಾ ಮುಂದೆ ಅಂಟಿಕೊಂಡಂತೆ ಇಡಿ. ಟೈಮ್‌ಟೇಬಲ್‌ನಲ್ಲಿ ಅದನ್ನು ಹಾಕಿಸುವುದೇ ನಿಮ್ಮ ದೊಡ್ಡ ಕೆಲಸ. ಪ್ರಿನ್ಸಿಪಾಲರ ಹತ್ತಿರ ಹೋಗುವಾಗ ಊರು ಬರೆದ ಆ ಹಾಜರಿ ಪಟ್ಟಿಯನ್ನು ತೆಗೆದುಕೊಂಡು ಹೋಗಿ. ಮಕ್ಕಳು ಬರುತ್ತಿಲ್ಲ ಎಂದು ಬಾಯಲ್ಲಿ ಹೇಳುವುದಕ್ಕಿಂತ ಆ ಹಾಳೆ ಚೆನ್ನಾಗಿ ಮಾತಾಡುತ್ತದೆ. ನೀವು ಈಗ ವಾರಕ್ಕೆ ಕೊಡುವ 4 ಗಂಟೆಯೇ ಸಾಕು. 40 ಮಂದಿಯನ್ನು 20ರ ಎರಡು ಗುಂಪು ಮಾಡಿ. ಒಂದೊಂದು ಗುಂಪಿಗೆ ವಾರಕ್ಕೆ 2 ಗಂಟೆ. ಈ ಗಂಟೆಗಳು ನಿಮ್ಮ ವರ್ಕ್‌ಲೋಡಿಗೆ ಸೇರಲಿ ಎಂದು ಕೇಳಲು ಹಿಂಜರಿಯಬೇಡಿ. ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಸಂಬಳವಿಲ್ಲದ ಕೆಲಸ ಹೇರುತ್ತಾ ಹೋದರೆ ಒಳ್ಳೆಯ ಕ್ಲಾಸ್ ಕೂಡ ಒಂದು ವರ್ಷಕ್ಕೆ ನಿಂತುಹೋಗುತ್ತದೆ.

ಆ ಗಂಟೆಯಲ್ಲಿ ಏನು ಮಾಡಬೇಕು? ಮುಖ್ಯ ಕ್ಲಾಸಿನಲ್ಲಿ ಪತ್ರ ಬರೆಯುವುದು ನಡೆಯುತ್ತಿದ್ದರೆ ಇಲ್ಲೂ ಪತ್ರವೇ. ಅಲ್ಲಿ ವರದಿ ಇದ್ದರೆ ಇಲ್ಲೂ ವರದಿ. ಬೇರೆ ಪುಸ್ತಕ ಬೇಡ, ಖಾಲಿ ಜಾಗ ತುಂಬುವ ವರ್ಕ್‌ಶೀಟ್ ಬೇಡ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಎಡಗಡೆ ಪುಟದಲ್ಲಿ ಮೊದಲ ಸಲ ಬರೆಯಲಿ, ಬಲಗಡೆ ಅದನ್ನೇ ತಿದ್ದಿ ಮತ್ತೆ ಬರೆಯಲಿ. ಬರೆಯುವ ಮೊದಲು ಐದು ನಿಮಿಷ ಪಕ್ಕದವರ ಜೊತೆ ಕನ್ನಡದಲ್ಲಿ ಮಾತಾಡಲಿ. ಏನು ಹೇಳಬೇಕು ಎಂಬುದು ತಲೆಯಲ್ಲಿ ಗಟ್ಟಿಯಾದರೆ ಅರ್ಧ ಕೆಲಸ ಮುಗಿದ ಹಾಗೆ. ಬರೆದ ಮೇಲೆ ತನ್ನದನ್ನು ತಾನೇ ಬಾಯಿಬಿಟ್ಟು ಓದಲಿ. ಎಷ್ಟೋ ತಪ್ಪುಗಳನ್ನು ಅವರ ಕಿವಿಯೇ ಹಿಡಿಯುತ್ತದೆ.

ತಪ್ಪಿನ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ಒಬ್ಬ ಹುಡುಗ ತನ್ನ ಅಜ್ಜಿಯ ಬಗ್ಗೆ ಹೀಗೆ ಬರೆದಿದ್ದ: "ಮೈ ಗ್ರ್ಯಾಂಡ್‌ಮದರ್ ಡಿಡ್ ನಾಟ್ ವೆಂಟ್ ಟು ಹಾಸ್ಪಿಟಲ್, ಬಿಕಾಸ್ ಆಫ್ ಶೀ ಈಸ್ ಹ್ಯಾವಿಂಗ್ ಫಿಯರ್." ಒಂದು ಸಾಲು, ಮೂರು ತಪ್ಪು. ಅವನ ಪಕ್ಕದಲ್ಲಿ ಕೂತವನು ಗೈಡಿನಿಂದ ಬಾಯಿಪಾಠ ಮಾಡಿದ ಆರೋಗ್ಯದ ಪ್ರಬಂಧವನ್ನು ಒಂದೂ ತಪ್ಪಿಲ್ಲದೆ ಇಳಿಸಿದ್ದ. ನಿಮ್ಮ ಎರಡು ಹಂತದ ಟೆಸ್ಟಿನಲ್ಲಿ ಎರಡನೆಯವನು ಮುಂದೆ ಹೋಗುತ್ತಾನೆ, ಮೊದಲನೆಯವನು ಕೆಳಗೇ ಉಳಿಯುತ್ತಾನೆ. ನನ್ನ ಕಣ್ಣಿಗೆ ಮೊದಲನೆಯವನೇ ಮುಂದಿದ್ದಾನೆ. ಅಜ್ಜಿ ಆಸ್ಪತ್ರೆಗೆ ಹೋಗಲಿಲ್ಲ, ಯಾಕೆಂದರೆ ಹೆದರಿಕೆ. ಒಂದು ಸಂಗತಿ, ಅದರ ಕಾರಣ, ಎರಡನ್ನೂ ಜೋಡಿಸಿದ ಸ್ವಂತ ವಾಕ್ಯ ಅದು.

ಅವನ ತರ್ಕ ಹಿಡಿದರೆ ತಿದ್ದುವುದು ಸುಲಭ. ನಡೆದುಹೋದ ವಿಷಯ, ಹಾಗಾಗಿ 'ಗೋ' ಬದಲು 'ವೆಂಟ್' ಇರಬೇಕು ಎಂದುಕೊಂಡಿದ್ದಾನೆ. ನಾನು ಅವನನ್ನು ಕನ್ನಡದಲ್ಲೇ ಕೇಳಿದೆ: "ಅಜ್ಜಿ ಹೋದಲಿಲ್ಲ ಅಂತೀವೇನು?" ನಕ್ಕು, "ಇಲ್ರಿ ಸರ್, ಹೋಗಲಿಲ್ಲ ಅಂತೀವ್ರಿ" ಅಂದ. ನೋಡು, 'ಇಲ್ಲ' ಬಂದ ಕೂಡಲೇ ಕನ್ನಡದಲ್ಲೂ 'ಹೋದ' ಎಂಬ ರೂಪ ನಿಲ್ಲುವುದಿಲ್ಲ, ಇಂಗ್ಲಿಷ್‌ನಲ್ಲೂ 'ಡಿಡ್ ನಾಟ್' ಬಂದ ಮೇಲೆ 'ವೆಂಟ್' ನಿಲ್ಲುವುದಿಲ್ಲ ಎಂದೆ. ಅವನ ಮುಖ ಅರಳಿತು. ಆಮೇಲೆ ಅವನ ನೋಟ್‌ಬುಕ್ಕಿನಲ್ಲಿ ಆ ತಪ್ಪು ಬಂದದ್ದು ತೀರಾ ಕಡಿಮೆ. 'ಹ್ಯಾವಿಂಗ್ ಫಿಯರ್' ಕೂಡ ಹಾಗೇ. ಅಜ್ಜಿಗೆ ಹೆದರಿಕೆ ಇತ್ತು ಎಂದು ನಾವು ಹೇಳುತ್ತೇವೆ. ಅಲ್ಲಿ ಇರುವುದು ಹೆದರಿಕೆ, ಅಜ್ಜಿ ಬರೀ ಅದರ ಜಾಗ. ಇಂಗ್ಲಿಷ್‌ನಲ್ಲಿ ಅಜ್ಜಿಯನ್ನೇ ಮುಂದೆ ತಂದು 'ಶೀ ವಾಸ್ ಅಫ್ರೇಡ್' ಅನ್ನಬೇಕು. ನನಗೆ ಹಸಿವಾಗಿದೆ, ನನಗೆ ಸಿಟ್ಟು ಬಂತು, ಎಲ್ಲಕ್ಕೂ ಇದೇ ಕೀಲಿ. ಇದನ್ನು ನಾನು ಆ ದಿನ ಹೇಳಲಿಲ್ಲ, ಮುಂದಿನ ವಾರಕ್ಕೆ ಇಟ್ಟುಕೊಂಡೆ. ಒಂದು ಸಲಕ್ಕೆ ಒಂದೇ ತಪ್ಪನ್ನು ಹಿಡಿಯಿರಿ. ಇಡೀ ಪುಟ ಕೆಂಪಾದರೆ ಮಗು ಅದನ್ನು ಓದುವುದೇ ಇಲ್ಲ, ಪುಟ ಮಗುಚಿ ಬಿಡುತ್ತದೆ. 'ಎ', 'ದಿ' ಎಲ್ಲಕ್ಕಿಂತ ಕೊನೆಗಿರಲಿ. ನಮ್ಮ ಭಾಷೆಯಲ್ಲಿ ಅವು ಇಲ್ಲ, ಬಹಳ ಕಾಲ ಬೇಕು. ಅವಿಲ್ಲದೆಯೂ ಅರ್ಥ ಆಗುತ್ತದೆ.

ಇನ್ನೂ ಒಂದನ್ನು ನೀವು ನೋಡುತ್ತೀರಿ, ಆಗ ಗಾಬರಿಯಾಗಬೇಡಿ. ಎರಡನೇ ತಿಂಗಳಲ್ಲಿ ಕೆಲವು ಮಕ್ಕಳ ತಪ್ಪು ಜಾಸ್ತಿಯಾಗುತ್ತದೆ. ಮೊದಲು ನಾಲ್ಕು ಪದದ ವಾಕ್ಯ ಬರೆದು ಸುಮ್ಮನಾಗುತ್ತಿದ್ದ ಹುಡುಗಿ ಈಗ ಹನ್ನೆರಡು ಪದದ ವಾಕ್ಯಕ್ಕೆ ಕೈ ಹಾಕಿರುತ್ತಾಳೆ, ಎಡವುತ್ತಾಳೆ. ವ್ಯಾಕರಣದ ಟೆಸ್ಟ್ ಕೊಟ್ಟು ಅಳೆದರೆ ಅವಳು ಹಿಂದೆ ಬಿದ್ದಳು ಎಂದು ಕಾಣುತ್ತದೆ. ಎಡಗಡೆಯ ಪುಟಗಳನ್ನು ಸಾಲಾಗಿ ಓದಿದರೆ ಅವಳು ಬೆಳೆದದ್ದು ಕಾಣುತ್ತದೆ. ಅದಕ್ಕೇ ಈ ಕ್ಲಾಸಿಗೆ ಬೇರೆ ಪಾಸು ಫೇಲು ಇಡಬೇಡಿ. ಸೆಮಿಸ್ಟರಿನ ಇಂಗ್ಲಿಷ್ ಪೇಪರ್ ಪಾಸಾಗುವುದೇ ಇದರ ಕೊನೆ. ಆಮೇಲೆ ಎರಡನೇ ಸೆಮಿಸ್ಟರಿನ ಪೇಪರ್ ಏನಾಯಿತು ಎಂದೂ ನೋಡಿ.

ಪ್ರವೇಶದ ಟೆಸ್ಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಂದೇ ದಿನದ ಟೆಸ್ಟನ್ನು ಪೂರ್ತಿ ನಂಬಬೇಡಿ. ಅಮೆರಿಕದಲ್ಲೂ ಹೈಸ್ಕೂಲ್ ಅಂಕಗಳು ಪ್ರವೇಶ ಪರೀಕ್ಷೆಗಿಂತ ಚೆನ್ನಾಗಿ ಮುಂದಿನ ಫಲ ಹೇಳುತ್ತವೆ ಎಂದು ಕಂಡುಬಂತು. ನಿಮ್ಮಲ್ಲಿ ಪಿಯುಸಿ ಅಂಕಪಟ್ಟಿ ಇದೆ. ಅದರ ಜೊತೆ ಮಗುವಿನ ಕೈಯಲ್ಲಿ ಬರೆಸಿದ ಒಂದು ಪುಟ ಇಟ್ಟುಕೊಳ್ಳಿ. ಸೇರಿಸಬೇಕೋ ಬೇಡವೋ ಎಂಬ ಅನುಮಾನ ಬಂದರೆ ಮಗುವನ್ನೇ ಕೇಳಿ.

ಮತ್ತೆ ದಯವಿಟ್ಟು ಆ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ಫೈಲಿಗೆ 'ಸ್ಲೋ ಲರ್ನರ್ಸ್' ಎಂಬ ಪಟ್ಟಿ ಬೇಕು ಎನ್ನುತ್ತಾರೆ, ನನಗೆ ಗೊತ್ತು. ಫೈಲಿನಲ್ಲಿ ಇರಲಿ. ನಾನಿದ್ದ ಒಂದು ಕಾಲೇಜಿನಲ್ಲಿ ಅದನ್ನು ಗಾಜಿನ ಬೋರ್ಡಿನೊಳಗೆ ಅಂಟಿಸಿದ್ದರು. ನಾನೂ ತಡೆಯಲಿಲ್ಲ. ಒಬ್ಬಳು ಬಂದು, "ಸರ್, ನಮ್ಮೂರ ಹುಡುಗ್ರು ನನ್ನ ಹೆಸರ ನೋಡ್ಯಾರ್ರಿ" ಅಂದಳು. ಅಷ್ಟೇ ಅಂದಳು. ಆ ಹುಡುಗಿ ಮತ್ತೆ ಆ ಕ್ಲಾಸಿಗೆ ಬರಲಿಲ್ಲ. ಅವಳು ಬರೆದಿದ್ದ ಒಂದೇ ಒಂದು ಪುಟ ನನ್ನ ಹತ್ತಿರ ಉಳಿಯಿತು. ನೀವು 'ಬರವಣಿಗೆ ಕ್ಲಾಸ್' ಎಂದು ಕರೆಯಿರಿ. ಟೆಸ್ಟಿನಲ್ಲಿ ಚೆನ್ನಾಗಿ ಮಾಡಿದವರಲ್ಲೂ ಬರುತ್ತೇವೆ ಎಂದವರಿದ್ದರೆ ಗುಂಪಿಗೆ ಇಬ್ಬರು ಮೂವರನ್ನು ಸೇರಿಸಿಕೊಳ್ಳಿ. ಆಗ ಯಾರೂ ಬೆರಳು ತೋರಿಸುವುದಿಲ್ಲ.

ನೀವು ಕೇಳಿದ್ದು ಮುಂದಿನ ವರ್ಷದ ಬಗ್ಗೆ. ನಾನು ಯೋಚಿಸುತ್ತಿರುವುದು ಈ ವರ್ಷದ 29 ಮಂದಿಯ ಬಗ್ಗೆ. ಅವರು ಇನ್ನೂ ನಿಮ್ಮ ಕಾಲೇಜಿನಲ್ಲೇ ಇದ್ದಾರೆ, ಬಹುಶಃ ನಿಮ್ಮದೇ ಎರಡನೇ ಸೆಮಿಸ್ಟರಿನ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ. ಮೊದಲ ಸೆಮಿಸ್ಟರಿನ ಪೇಪರ್ ಫೇಲಾದವರು ಯಾರು ಎಂದು ನೋಡಿ, ಒಬ್ಬೊಬ್ಬರನ್ನೇ ಕರೆದು ಮಾತಾಡಿ. ಯಾಕೆ ಬಿಟ್ಟೆ ಎಂದು ಕೇಳಬೇಡಿ, ಅದಕ್ಕೆ ತಲೆ ತಗ್ಗಿಸುತ್ತಾರೆ. ನಿಮ್ಮೂರ ಬಸ್ ಎಷ್ಟಕ್ಕೆ ಎಂದು ಕೇಳಿ. ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಗಂಟೆ ಸಿಕ್ಕರೂ ಸಾಕು, ಇರುವಷ್ಟು ಮಂದಿಯ ಜೊತೆ ಶುರು ಮಾಡಿ. ಅವರು ಡಬ್ಬಿ ತರುತ್ತಾರೆ, ರೊಟ್ಟಿ ತಿಂದು ಕೂರುತ್ತಾರೆ. ಮೊದಲ ದಿನ ಬರೆಯಲು ಕೊಡುವ ವಿಷಯ ಅವರದ್ದೇ ಇರಲಿ: ನಾನು ದಿನಾ ಕಾಲೇಜಿಗೆ ಬರುವ ದಾರಿ. ಐದು ಸಾಲು ಸಾಕು. ಆ ಪುಟಗಳಲ್ಲಿ ಒಂದೆರಡನ್ನು ನನಗೂ ಕಳಿಸಿ. ಯಾವ ತಪ್ಪನ್ನು ಮೊದಲು ಹಿಡಿಯಬೇಕು ಎಂದು ಇಬ್ಬರೂ ಸೇರಿ ನೋಡೋಣ.